‘ಶುಗರ್ ಪೂರ್ತಿ ವಾಸಿ’ ಎನ್ನುವ ಜಾಹೀರಾತು ನಂಬಿ ಮಾತ್ರೆ ಬಿಡಬಹುದಾ?

ಖಂಡಿತ ಬೇಡ. ಹಾಗೆ ಜಾಹೀರಾತು ಕೊಡುವುದೇ ಅಪರಾಧ. ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡಬಾರದ ರೋಗಗಳ ಪಟ್ಟಿ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿದೆ, ಅದರಲ್ಲಿ ಮಧುಮೇಹದ ಹೆಸರೂ ಇದೆ. ಆದರೂ ಇಲ್ಲಿ ಕೋಲಾರದಲ್ಲಿ ಬೆಳಿಗ್ಗೆ ಪೇಪರ್ ಬಿಡಿಸಿದರೆ ಅಂಥದ್ದೇ ಕರಪತ್ರ ಮಡಿಲಿಗೆ ಬೀಳುತ್ತದೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಮ್ಮ ದೊಡ್ಡಪ್ಪ ಅದನ್ನೇ ನಂಬಿ ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆ ನಿಲ್ಲಿಸಿ, ಎರಡು ತಿಂಗಳು ಯಾವುದೋ ಕಹಿ ಪುಡಿ ಕುಡಿದರು. ಕಾಲ್ಬೆರಳಿನ ಗಾಯ ಒಣಗದೆ ಕಪ್ಪಾದ ಮೇಲೇ ಮನೆಯವರಿಗೆ ವಿಷಯ ತಿಳಿದದ್ದು.

ಖರ್ಚೇ ಚಿಂತೆಯಾದರೆ ಡಾಕ್ಟರ ಚೀಟಿ ಹಿಡಿದು ಜನೌಷಧಿ ಕೇಂದ್ರಕ್ಕೆ ಹೋಗಿ, ಅದೇ ಔಷಧಿ ಅಗ್ಗಕ್ಕೆ ಸಿಗುತ್ತದೆ. ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಅದರಲ್ಲಿ ಗೊತ್ತಾಗುತ್ತದೆ. ಮುದ್ದೆಗೂ ಅಳತೆ ಇರಲಿ, ರಾಗಿಯಲ್ಲೂ ಪಿಷ್ಟವಿದೆ.