ಕಂಬಳಿ ಹೊದ್ದು ಕಾದು ಕೂತ ಹಾಡು

ವಿರಾಜಪೇಟೆ ಕಡೆಯ ಓದುಗರೊಬ್ರು ನಾಲ್ಕು ಪುಟದ ಪತ್ರ ಬರೆದಿದಾರೆ. ಹೆಸರು ಹಾಕ್ಬೇಡಿ ಅಂದಿದಾರೆ, ಹಾಕಿಲ್ಲ. ಪೂರ್ತಿ ಪ್ರಕಟಿಸೋಕೆ ಜಾಗ ಇಲ್ಲ, ವಿಷಯ ಇಷ್ಟು. ಕಾಫಿ ಕುಯ್ಲಿನ ನಡುವೆ ಒಂದು ಸಂಜೆ ಬಿಡುವು ಮಾಡ್ಕೊಂಡು, 76 ವರ್ಷದ ಅಪ್ಪನ್ನ ಜೀಪಲ್ಲಿ ಕೂರಿಸ್ಕೊಂಡು ಒಂದು ರಸಮಂಜರಿ ಕಾರ್ಯಕ್ರಮಕ್ಕೆ ಹೋಗಿದ್ರು. ಟಿಕೆಟ್ ತಲೆಗೆ 500 ರೂಪಾಯಿ. ಅಪ್ಪ ಕ್ಯಾಸೆಟ್ ಕಾಲದಿಂದ ಕೇಳ್ಕೊಂಡು ಬಂದ ಗಾಯಕರು. ಆಮಂತ್ರಣದಲ್ಲಿ ಆರೂವರೆ ಅಂತಿತ್ತು, ಗಾಯಕರು ಸ್ಟೇಜಿಗೆ ಬಂದಿದ್ದು ಒಂಬತ್ತೂ ಕಾಲಿಗೆ. ಹಾಡಿದ್ದು ಐದೇ ಹಾಡು, ಅದ್ರಲ್ಲಿ ಮೂರಕ್ಕೆ ಬರೀ ತುಟಿ ಆಡ್ಸಿದ್ರು. ಹಿಂದೆ ಕೂತಿದ್ದ ಇವರಿಗೆ ಒಂದೊಂದು ಪದಾನೂ ಎರಡೆರಡು ಸಲ ಕೇಳಿಸ್ತಿತ್ತು. ಅಪ್ಪ ಕಾಯ್ತಿದ್ದ ಒಂದು ಹಾಡು ಬರ್ಲೇ ಇಲ್ಲ, ಹತ್ತು ಗಂಟೆಗೆ ಎಲ್ಲ ಮುಗೀತು. "ಇನ್ಮೇಲೆ ಲೈವ್ ಶೋ ಕಡೆ ತಲೆ ಹಾಕಲ್ಲ, ಯೂಟ್ಯೂಬಲ್ಲಿ ಕೇಳೋದೇ ವಾಸಿ. ನಾನು ಅತಿಯಾಗಿ ಆಡ್ತಿದೀನಾ ಸಾರ್?" ಅಂತ ಕೇಳಿದಾರೆ.

ಇಲ್ಲಮ್ಮಾ, ಅತಿಯಾಗಿ ಆಡ್ತಿಲ್ಲ ನೀವು.

ನಿಮ್ಮ ಪತ್ರ ಎರಡು ದಿನ ಮೇಜಿನ ಮೇಲೇ ಇತ್ತು. ವಾಪಸ್ ಬರ್ತಾ ಅಪ್ಪ ಜೀಪಲ್ಲಿ ಒಂದು ಮಾತೂ ಆಡ್ದೆ ಕಂಬಳಿ ಮಡಚಿ ತೊಡೆ ಮೇಲೆ ಇಟ್ಕೊಂಡು ಕೂತಿದ್ರು ಅಂತ ಬರೆದಿದೀರಲ್ಲ, ಆ ಸಾಲು ದಾಟಿ ಮುಂದೆ ಓದೋಕೆ ನಂಗೆ ಸ್ವಲ್ಪ ಹೊತ್ತು ಬೇಕಾಯ್ತು. ಆ ವಯಸ್ಸಿನವರು ರಾತ್ರಿ ಚಳೀಲಿ ಇಬ್ಬನಿ ಬಿದ್ದು ಒದ್ದೆ ಆದ ಪ್ಲಾಸ್ಟಿಕ್ ಕುರ್ಚಿ ಮೇಲೆ ಮೂರು ಗಂಟೆ ಕೂತಿದಾರೆ ಅಂದ್ರೆ ಅದು ಟೈಂಪಾಸಿಗಲ್ಲ. ಆದ್ರೆ ನೀವು ಹೆಚ್ಚಿನ ಸಿಟ್ಟನ್ನ ಗಾಯಕರ ತಲೆಗೇ ಕಟ್ಟಿದೀರಿ, ಅದನ್ನ ಮಾತ್ರ ಸ್ವಲ್ಪ ಬಿಡಿಸಿ ನೋಡ್ಬೇಕು ಅನ್ಸುತ್ತೆ, ಯಾಕಂದ್ರೆ ತಪ್ಪು ಯಾರದು ಅಂತ ಗೊತ್ತಾಗ್ದೆ ಹೋದ್ರೆ ಮುಂದಿನ ವರ್ಷಾನೂ ಅದೇ ಮೈದಾನದಲ್ಲಿ ಇನ್ಯಾರದೋ ಅಪ್ಪ ಹಾಗೇ ಕಂಬಳಿ ಮಡಚ್ತಾರೆ.

ಮೊದ್ಲು ಆ ಎರಡೆರಡು ಸಲ ಕೇಳಿಸಿದ್ದು. ಅದಕ್ಕೂ ಗಾಯಕರಿಗೂ ಸಂಬಂಧಾನೇ ಇಲ್ಲ. ಶಬ್ದ ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ 340 ಮೀಟರ್ ಹೋಗುತ್ತೆ. ಸ್ಟೇಜಿಂದ ನಿಮ್ಮ ಕುರ್ಚಿಗೆ 70 ಮೀಟರ್ ಇತ್ತು ಅಂತ ಇಟ್ಕೊಳ್ಳಿ, ಸ್ಟೇಜ್ ಸ್ಪೀಕರಿನ ಶಬ್ದ ನಿಮಗೆ ತಲುಪೋಕೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಆದ್ರೆ ಹಿಂದಿನವರಿಗೂ ಕೇಳ್ಲಿ ಅಂತ ನಿಮ್ಮ ಪಕ್ಕ ಕಂಬಕ್ಕೆ ಕಟ್ಟಿದ ಸ್ಪೀಕರಿಗೆ ವೈರಲ್ಲಿ ಅದೇ ಕ್ಷಣ ಬಂದುಬಿಡುತ್ತೆ, ಅಂದ್ರೆ ಮೊದ್ಲು ಪಕ್ಕದ ಸ್ಪೀಕರ್ ಹಾಡುತ್ತೆ, ಆಮೇಲೆ ಸ್ಟೇಜಿನದ್ದು ಬಂದು ಅದೇ ಪದ ಮತ್ತೆ ಹೇಳುತ್ತೆ. ಹಿಂದಿನ ಸ್ಪೀಕರನ್ನ ಅಷ್ಟೇ ಹೊತ್ತು ತಡ ಮಾಡ್ಸಿದ್ರೆ ಎರಡೂ ಕೂಡ್ಕೊಳ್ಳುತ್ತೆ. ಡಿಲೇ ಅಂತಾರೆ ಅದಕ್ಕೆ, ಗೊತ್ತಿರೋ ಸೌಂಡ್ ಎಂಜಿನಿಯರಿಗೆ ದೊಡ್ಡ ಕೆಲ್ಸ ಏನಲ್ಲ. ಆದ್ರೆ ಯಾರಾದ್ರೂ ಸಂಜೆ ಜನ ಬರೋಕೆ ಮುಂಚೆ ಮೈದಾನದ ಕೊನೇ ಸಾಲಿಗೆ ನಡ್ಕೊಂಡು ಹೋಗಿ ನಿಂತು ಕೇಳಿರ್ಬೇಕು. ನಿಮ್ಮ ಕಾರ್ಯಕ್ರಮದಲ್ಲಿ ಯಾರೂ ಹೋಗಿಲ್ಲ ಅಂತ ಕಾಣುತ್ತೆ.

ಇನ್ನೊಂದು. ಬಯಲಲ್ಲಿ ದೂರ ಎರಡರಷ್ಟು ಆದಾಗೆಲ್ಲ ಶಬ್ದ 6 ಡೆಸಿಬಲ್ (ಶಬ್ದ ಎಷ್ಟು ಜೋರು ಅಂತ ಅಳೆಯೋ ಮಾನ) ಇಳಿಯುತ್ತೆ. ಮುಂದೆ ಬಿಳಿ ಬಟ್ಟೆ ಹಾಸಿದ ಸೋಫಾದವರು 5 ಮೀಟರಲ್ಲಿ, ಹಿಂದಿನವರು 80 ಮೀಟರಲ್ಲಿ, ಅಂದ್ರೆ 24 ಡೆಸಿಬಲ್ ವ್ಯತ್ಯಾಸ. ಮುಂದಿನವರ ಎದೆ ನಡುಗುತ್ತೆ, ಹಿಂದಿನವರಿಗೆ ಸಾಹಿತ್ಯವೇ ಕೇಳ್ಸಲ್ಲ. ನಮ್ಮ ಕಡೆ ಎಷ್ಟೋ ಕಾರ್ಯಕ್ರಮದಲ್ಲಿ ಎಲ್ಲಾ ಮೈಕಿನ ಶಬ್ದ ಹದ ಮಾಡೋ ಮಿಕ್ಸರ್ ಇಟ್ಕೊಂಡ ಹುಡುಗನ್ನ ಸ್ಟೇಜ್ ಪಕ್ಕ ಪರದೆ ಮರೇಲಿ ಕೂರಿಸಿರ್ತಾರೆ, ಅವನಿಗೆ ಜನಕ್ಕೆ ಏನು ಕೇಳ್ತಿದೆ ಅಂತ ಹೇಗೆ ಗೊತ್ತಾಗ್ಬೇಕು? ಅವನ ಜಾಗ ಜನರ ಮಧ್ಯೆ. ಈ ಒಂದು ಬದಲಾವಣೆಗೆ ದೊಡ್ಡ ಖರ್ಚಿಲ್ಲ, ಸ್ವಲ್ಪ ಉದ್ದ ಕೇಬಲ್ ಬೇಕು ಅಷ್ಟೇ, ಆದ್ರೂ ಮಾಡಲ್ಲ.

ಮೊದಲ್ನೇ ಹಾಡಲ್ಲಿ ಶ್ರುತಿ ತಪ್ಪಿತ್ತು, ಆಮೇಲೆ ಎರಡನೇ ಹಾಡನ್ನ ಕೆಳಗಿನ ಶ್ರುತೀಲಿ ಹಾಡಿದ್ರು ಅಂತಾನೂ ದೂರಿದೀರಿ. ಇಲ್ಲಿ ನಾನು ಗಾಯಕರ ಪರ. ಹಾಡೋವ್ರಿಗೆ ಅವರ ದನಿ ಅವರಿಗೇ ಕೇಳ್ಬೇಕು, ಅದಕ್ಕೇ ಕಾಲ ಹತ್ರ ಮಾನಿಟರ್ ಸ್ಪೀಕರ್ ಇಡೋದು, ಅದು ಸರಿ ಇಲ್ದಿದ್ರೆ ಎಂಥಾ ಘಟಾನುಘಟಿನೂ ಜಾರ್ತಾರೆ. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡ್ ಅಂದ್ರೆ ಇಡೀ ಪ್ರಪಂಚ ಹುಚ್ಚಾಗಿದ್ದ ಕಾಲ, 1965ರ ಆಗಸ್ಟಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂಗೆ 55 ಸಾವಿರಕ್ಕೂ ಹೆಚ್ಚು ಜನ ಬಂದಿದ್ರು, ಆ ಕಿರುಚಾಟದಲ್ಲಿ ಅವರು ನುಡಿಸಿದ್ದು ಅವರಿಗೇ ಕೇಳ್ತಿರ್ಲಿಲ್ಲ. ಮುಂದಿನ ವರ್ಷ 1966ರ ಆಗಸ್ಟ್ 29ಕ್ಕೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಾಡಿದ್ದೇ ಕೊನೆ, ಆಮೇಲೆ ಅವರು ಟಿಕೆಟ್ ಇಟ್ಟು ಹಾಡೋ ಟೂರ್ ಮಾಡ್ಲೇ ಇಲ್ಲ. ಬೇಸತ್ತ ಕಾರಣ ಬೇರೆ ಬೇರೆ ಇತ್ತು, ಅದ್ರಲ್ಲಿ ಇದೂ ಒಂದು. ಇನ್ನು ಶ್ರುತಿ ಇಳಿಸಿ ಹಾಡಿದ್ದು, ಅದು ವಯಸ್ಸಿನ ಧರ್ಮ. ಮೂವತ್ತರಲ್ಲಿ ಹತ್ತಿದ ಮೇಲಿನ ಷಡ್ಜ, ಅಂದ್ರೆ ಮೇಲಿನ 'ಸ', ಅರವತ್ತೈದರಲ್ಲಿ ಹತ್ತಲ್ಲ, ಹಾರ್ಮೋನಿಯಂನ ಎರಡು ಮನೆಯಷ್ಟು ಶ್ರುತಿ ಇಳಿಸ್ಕೊಂಡು ಇವತ್ತಿನ ದನೀಲಿ ಹಾಡ್ತೀನಿ ಅಂದ್ರೆ ಅದು ಪ್ರಾಮಾಣಿಕತೆ. ನಿಮ್ಮಪ್ಪನ್ನ ಕೇಳಿ ನೋಡಿ, ಆ ಎರಡನೇ ಹಾಡು ಅವರಿಗೆ ಇಷ್ಟ ಆಗಿರ್ಬಹುದು.

ಆದ್ರೆ ಆ ಮೂರು ಹಾಡು ಇದೆಯಲ್ಲ, ಅದಕ್ಕೆ ಮಾತ್ರ ನನ್ನ ಹತ್ರ ಸಮಾಧಾನ ಇಲ್ಲ. ಮೊದ್ಲೇ ರೆಕಾರ್ಡ್ ಮಾಡಿದ ಬರೀ ವಾದ್ಯದ ಟ್ರ್ಯಾಕ್ ಹಾಕ್ಕೊಂಡು ಅದ್ರ ಮೇಲೆ ಹಾಡೋದು ಬೇರೆ, ಎಲ್ಲರ ಕೈಲೂ ಹತ್ತು ಜನ ವಾದ್ಯದವರನ್ನ ಕರ್ಕೊಂಡು ಘಾಟಿ ಹತ್ತಿ ಬರೋಕಾಗಲ್ಲ, ಒಪ್ತೀನಿ. ತನ್ನದೇ ಹಳೇ ದನಿ ಇರೋ ಟ್ರ್ಯಾಕ್ ಬಿಟ್ಟು ಅದಕ್ಕೆ ತುಟಿ ಆಡ್ಸೋದು ಬೇರೆ. ಮಿಲಿ ವನಿಲಿ ಅಂತ ಪಾಪ್ ಹಾಡಿನ ಜೋಡಿ, ಇಬ್ಬರು ಹುಡುಗರಿದ್ರು, 1989ರಲ್ಲಿ ಅಮೆರಿಕದ ಬ್ರಿಸ್ಟಲ್ ಅನ್ನೋ ಊರಲ್ಲಿ ಸ್ಟೇಜ್ ಮೇಲೆ ಕುಣೀತಿದ್ದಾಗ ಟ್ರ್ಯಾಕ್ ಸಿಕ್ಕಾಕ್ಕೊಂಡು ಒಂದೇ ಸಾಲು ಮತ್ತೆ ಮತ್ತೆ ಬರೋಕೆ ಶುರುವಾಯ್ತು, ಆಮೇಲೆ ನೋಡಿದ್ರೆ ಆಲ್ಬಂನಲ್ಲಿರೋ ದನೀನೂ ಅವರದ್ದಲ್ಲ. 1990ರಲ್ಲಿ ಅವರಿಗೆ ಕೊಟ್ಟಿದ್ದ ಗ್ರ್ಯಾಮಿ ಅನ್ನೋ ದೊಡ್ಡ ಸಂಗೀತ ಪ್ರಶಸ್ತಿ ವಾಪಸ್ ತಗೊಂಡ್ರು. ನಿಮ್ಮ ಗಾಯಕರ ದನಿ ಅವರದ್ದೇ ಇರ್ಬಹುದು, ಆದ್ರೆ ನೀವು ಟಿಕೆಟ್ ತಗೊಂಡಿದ್ದು ಆವತ್ತಿನ ರಾತ್ರಿಯ ದನಿಗೆ. ಮೂವತ್ತು ವರ್ಷದ ಹಿಂದಿನ ದನಿ ಮನೇಲಿ ಕ್ಯಾಸೆಟಲ್ಲೇ ಇತ್ತಲ್ಲ! ಟಿಕೆಟ್ ಜೋಪಾನವಾಗಿ ಇಟ್ಕೊಂಡಿದೀನಿ ಅಂದಿದೀರಿ, ಒಳ್ಳೇದಾಯ್ತು. ಸಂಘಟಕರಿಗೆ ಒಂದು ಪತ್ರ ಬರೀರಿ, ದುಡ್ಡು ಕೊಟ್ಟು ಬಂದವ್ರಿಗೆ ಮೂರು ಹಾಡು ಟ್ರ್ಯಾಕ್ ಹಾಕಿದ್ದು ಯಾಕೆ ಅಂತ ನೇರ ಕೇಳಿ. ಟಿಕೆಟ್ ಕೊಂಡವ್ರು ಗ್ರಾಹಕರೇ, ಕೇಳೋಕೆ ಸಂಕೋಚ ಬೇಡ.

ಈಗ ಸಮಯದ ವಿಷಯ, ಇದು ನಂಗೂ ನೋವಿನ ವಿಷಯ. ಹತ್ತಕ್ಕೆ ನಿಲ್ಸಿದ್ರು ಅಂತ ಪೊಲೀಸರನ್ನ ಬೈದಿದೀರಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಹಾಕೋ ಹಾಗಿಲ್ಲ. ಹಬ್ಬ, ಉತ್ಸವ ಅಂತ ರಾಜ್ಯ ಸರ್ಕಾರ 12ರ ತನಕ ಸಡಿಲ ಕೊಡಬಹುದು, ಅದೂ ವರ್ಷಕ್ಕೆ ಒಟ್ಟು 15 ದಿನ ಮೀರೋ ಹಾಗಿಲ್ಲ. ಇದು ಸಂಘಟಕರಿಗೆ ಗೊತ್ತಿಲ್ದೇ ಇರೋ ವಿಷಯ ಅಲ್ಲ. ಆರೂವರೆಯಿಂದ ಹತ್ತರ ತನಕ ಮೂರೂವರೆ ಗಂಟೆ ಇತ್ತು ಕೈಯಲ್ಲಿ, ಅದ್ರಲ್ಲಿ ಸಂಗೀತಕ್ಕೆ ಸಿಕ್ಕಿದ್ದು ಮುಕ್ಕಾಲು ಗಂಟೆ. ಉಳಿದಿದ್ದು ಭಾಷಣ, ಸನ್ಮಾನಕ್ಕೇ ಹೋಗಿರ್ಬೇಕು.

ಸುಮಾರು ವರ್ಷದ ಹಿಂದೆ ನಾನೂ ಒಂದು ಸಮಿತೀಲಿದ್ದೆ. ಅವತ್ತು ತಬಲಾದವ್ರು, ಹಾರ್ಮೋನಿಯಂನವ್ರು, ಹಾಡೋವ್ರು ಐದು ಗಂಟೆಗೇ ಬಂದು ಪಕ್ಕದ ಶಾಲೆಯ ಒಂದು ಕ್ಲಾಸ್ ರೂಮಲ್ಲಿ ಕೂತಿದ್ರು. ಸನ್ಮಾನದ ಪಟ್ಟಿ ಮೊದ್ಲು ಆರು ಇದ್ದಿದ್ದು ಅವರನ್ನ ಬಿಟ್ರೆ ಬೇಜಾರು, ಇವರನ್ನ ಬಿಟ್ರೆ ಬೇಜಾರು ಅಂತ ಹದಿನೇಳಾಯ್ತು, ಶಾಲು ಹಾರ ಪೇಟ ಹಣ್ಣಿನ ಬುಟ್ಟಿ ಫೋಟೋ, ಒಬ್ಬೊಬ್ಬರಿಗೂ ಎರಡು ಮಾತು. ಮಧ್ಯೆ ನಾನು ಹೋಗಿ ನೋಡಿದ್ರೆ ಹೊರಗೆ ಮಂಜು ಇಳಿದು ಕಿಟಕಿಯಿಂದ ಒಳಗೇ ಬರ್ತಿತ್ತು, ತಬಲಾದ ಚರ್ಮ ತೇವ ಎಳ್ಕೊಂಡು ಶ್ರುತಿ ಇಳೀತಾನೇ ಇತ್ತು. ಅವರು ಸುತ್ತಿಗೇಲಿ ಅಂಚಿಗೆ ತಟ್ಟೋದು, ಬೆರಳಲ್ಲಿ ಒಮ್ಮೆ ನುಡಿಸಿ ಕಿವಿಗೊಟ್ಟು ಕೇಳೋದು, ಮತ್ತೆ ತಟ್ಟೋದು. ಕೊನೆಗೆ ಹ್ಯಾಲೋಜನ್ ಲೈಟ್ ಒಂದನ್ನ ನೆಲಕ್ಕಿಳಿಸಿ ಅದ್ರ ಶಾಖಕ್ಕೆ ತಬಲಾ ಹಿಡ್ಕೊಂಡು ಮಗೂನ ಬೆಚ್ಚಗೆ ಇಡೋ ಥರ ಕೂತಿದ್ರು. ನನ್ನ ನೋಡಿ "ಇನ್ನೆಷ್ಟು ಹೊತ್ತು ಸಾರ್?" ಅಂದ್ರು. ಹತ್ತು ನಿಮಿಷ ಅಂದೆ. ಅದು ಹತ್ತು ನಿಮಿಷ ಅಲ್ಲ ಅಂತ ನಂಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವತ್ತು ಅವರಿಗೆ ಸಿಕ್ಕಿದ್ದು 35 ನಿಮಿಷ. ಕಾರ್ಯಕ್ರಮ ಮುಗಿದ್ಮೇಲೆ ಒಬ್ಬ ಹಿರಿಯರು ನನ್ನ ಹತ್ರ ಬಂದು ಏನೋ ಹೇಳೋಕೆ ಹೊರಟು ಸುಮ್ನೆ ಕೈ ಮುಗಿದು ಹೋದ್ರು. ನಿಮ್ಮ ಪತ್ರ ಓದಿದಾಗ ಅವರ ಮುಖಾನೇ ಕಣ್ಮುಂದೆ ಬಂತು. ಆಮೇಲಿಂದ ನಾನು ಯಾವ ಸಮಿತೀಲಿದ್ರೂ ಮೊದಲ ಮೀಟಿಂಗಲ್ಲೇ ಹೇಳೋದು ಒಂದೇ, ಸನ್ಮಾನ ಮಾಡಿ ಬೇಡ ಅನ್ನಲ್ಲ, ಆದ್ರೆ ಬೆಳಿಗ್ಗೆ ಬೇರೆ ಸಭೆ ಇಟ್ಟು ಮಾಡಿ, ಸಂಗೀತದ ಸಂಜೆ ಸಂಗೀತದ್ದೇ ಇರ್ಲಿ. ಕೆಲವ್ರು ಕೇಳ್ತಾರೆ, ಕೆಲವ್ರು ಕೇಳಲ್ಲ.

ಯೂಟ್ಯೂಬ್ ವಾಸಿ ಅಂದ್ರಿ. ಅಲ್ಲಿ ಶ್ರುತಿ ತಪ್ಪಲ್ಲ, ಭಾಷಣ ಇಲ್ಲ, ಚಳಿ ಇಲ್ಲ, ನಿಜ. ನಾನೂ ರಾತ್ರಿ ಪ್ರೂಫ್ ನೋಡ್ತಾ ಅದನ್ನೇ ಹಾಕ್ಕೋತೀನಿ. ಆದ್ರೆ ಒಂದು ಮಳೆಗಾಲದ ಸಂಜೆ ಹೇಳ್ತೀನಿ ಕೇಳಿ. ಜುಲೈ ತಿಂಗಳು, ಮಡಿಕೇರೀಲಿ ಒಂದು ಸಣ್ಣ ಹಾಲ್, ಮೇಲೆ ಶೀಟ್, ಬಂದಿದ್ದೋರು ಅರವತ್ತು ಜನ ಇರ್ಬಹುದು. ಭಾವಗೀತೆ ಹಾಡೋ ಒಬ್ಬ ಹೆಣ್ಮಗಳು, ಎರಡನೇ ಹಾಡಿಗೆ ಕರೆಂಟ್ ಹೋಯ್ತು, ನಮ್ಮೂರಲ್ಲಿ ಜುಲೈಲಿ ಕರೆಂಟ್ ಹೋದ್ರೆ ಯಾರೂ ಯಾವಾಗ ಬರುತ್ತೆ ಅಂತ ಕೇಳಲ್ಲ. ಮೈಕ್ ಸತ್ತೋಯ್ತು, ಶೀಟ್ ಮೇಲೆ ಮಳೆ ಬಡೀತಿದೆ. ಆಯಮ್ಮ ಹಾರ್ಮೋನಿಯಂ ಎತ್ಕೊಂಡು ಸ್ಟೇಜಿಂದ ಇಳಿದು ಮುಂದಿನ ಕುರ್ಚಿಗಳನ್ನ ಸರ್ಸಿ ನೆಲದ ಮೇಲೇ ಕೂತ್ರು, "ಮಕ್ಳೆಲ್ಲ ಹತ್ರ ಬನ್ನಿ" ಅಂದ್ರು, ಯಾರೋ ಮೇಣದಬತ್ತಿ ತಂದಿಟ್ರು. ಮಳೆ ಜೋರಾದಾಗ ಹಾಡು ನಿಲ್ಸಿ ಬರೀ ಹಾರ್ಮೋನಿಯಂ ಹಿಡ್ಕೊಂಡಿರೋರು, ಸ್ವಲ್ಪ ಇಳಿದ ಕೂಡ್ಲೇ ಬಿಟ್ಟ ಸಾಲಿಂದ ಎತ್ಕೊಳ್ಳೋರು. ಅವರು ಉಸಿರು ತಗೊಳ್ಳೋದೂ ಕೇಳ್ತಿತ್ತು. ನನ್ನ ಪಕ್ಕ ಕೂತಿದ್ದ ಒಬ್ಬರು ಛತ್ರಿಯಿಂದ ನೀರು ಸೋರಿ ಚಪ್ಪಲಿ ಒದ್ದೆ ಆಗ್ತಿದ್ರೂ ಅಲ್ಲಾಡ್ಲಿಲ್ಲ. ಎಂಟೂವರೆಗೆ ಕರೆಂಟ್ ಬಂತು, ಮೈಕಿನವ್ರು ಎದ್ದು ಸ್ವಿಚ್ ಹತ್ರ ಹೋದ್ರೆ ನಾಲ್ಕೈದು ಜನ ಒಟ್ಟಿಗೆ ಬೇಡ ಬೇಡ ಅಂತ ಕೈ ಮಾಡಿದ್ರು. ಅಂಥಾ ಸಂಜೆ ನಂಗೆ ವರ್ಷಕ್ಕೆ ಒಂದೂ ಸಿಗಲ್ಲ, ಆದ್ರೂ ಅದಕ್ಕೋಸ್ಕರಾನೇ ನಾನು ಬೇರೆಯವನ್ನೆಲ್ಲ ಸಹಿಸ್ಕೊಂಡು ಹೋಗ್ತೀನಿ.

ನಿಮಗೆ ಹೋಗ್ಲೇಬೇಕು ಅಂತ ಒತ್ತಾಯ ಮಾಡಲ್ಲ. ಹೋಗೋದಾದ್ರೆ ಮೊದ್ಲು ಫೋನ್ ಮಾಡಿ ಕೇಳಿ, ವಾದ್ಯದವ್ರು ಬರ್ತಾರಾ, ಸಂಗೀತ ಎಷ್ಟು ಗಂಟೆಗೆ ಶುರು, ಸಭಾ ಕಾರ್ಯಕ್ರಮ ಇದೆಯಾ ಅಂತ. ಉತ್ತರ ತಡವರಿಸಿದ್ರೆ ಟಿಕೆಟ್ ತಗೋಬೇಡಿ. ಅಪ್ಪ ಜೊತೆಗಿದ್ರೆ ಮೈದಾನಕ್ಕಿಂತ ಹಾಲಲ್ಲಿರೋದು ನೋಡಿ.

ನಾಲ್ಕು ಪುಟ ಬರೆದು ಒಂದು ಮಾತ್ರ ಬಿಟ್ಟಿದೀರಿ, ಅಪ್ಪ ಕಾಯ್ತಿದ್ದ ಹಾಡು ಯಾವ್ದು ಅಂತ. ಕೇಳಿ ಬರೆದು ಕಳ್ಸಿ. ಆ ಮಳೆ ರಾತ್ರಿ ಹಾಡಿದ ಹೆಣ್ಮಗಳು ಈಗ ಇಲ್ಲೇ ಭಾನುವಾರ ಮಕ್ಳಿಗೆ ಪಾಠ ಹೇಳ್ತಾರೆ, ನಿನ್ನೆ ಸಂತೇಲಿ ಸಿಕ್ಕಾಗ ನಿಮ್ಮಪ್ಪನ ವಿಷಯ ಹೇಳಿದೆ, ಹಾಡು ಗೊತ್ತಾದ್ರೆ ಕಲ್ತು ಇಟ್ಕೊಂಡಿರ್ತೀನಿ, ಕರ್ಕೊಂಡು ಬನ್ನಿ ಅಂದಿದಾರೆ. ಅವರ ಮನೆಗೆ ಮೆಟ್ಲಿಲ್ಲ, ಜೀಪು ಬಾಗ್ಲ ತನಕ ಬರುತ್ತೆ. ಮಧ್ಯಾಹ್ನದ ಹೊತ್ತೇ ಇಟ್ಕೊಳ್ಳೋಣ, ಇಬ್ಬನಿ ಬೀಳೋಕೆ ಮುಂಚೆ ಅಪ್ಪ ಮನೆ ಸೇರ್ಬಹುದು.

— ಸಂಪಾದಕ