ಪ್ರತಿಕ್ರಿಯೆ: ರೈಲಿನಲ್ಲಿ ಏನು ತಿನ್ನಲಿ?

ಅಕ್ಕಾ, ತೂಕ ಇಳಿಸಲು ಹೊಟ್ಟೆಯನ್ನು ಚಿಕ್ಕದು ಮಾಡುವ ಸ್ಲೀವ್ ಆಪರೇಷನ್ ಆಗಿ ಐದು ತಿಂಗಳಾಗಿದೆ, ಕಾಸರಗೋಡಿನಿಂದ ನೇತ್ರಾವತಿಯಲ್ಲಿ ಮುಂಬೈಗೆ ಹೋಗುವಾಗ ಏನು ತಿನ್ನಲಿ ಅಂತ ಕೇಳಿದ್ದೀರಿ. ನನಗೂ ಅದೇ ಆಪರೇಷನ್ ಆಗಿದೆ, ಅದೇ ರೈಲಿನಲ್ಲಿ ಹೋಗಿ ಬಂದಿದ್ದೇನೆ.

ಮೊದಲು ಪ್ರೋಟೀನ್ ನೋಡಿಕೊಳ್ಳಿ. ದಿನಕ್ಕೆ 60 ಗ್ರಾಂ ಆದರೂ ಬೇಕಲ್ವಾ, ಅದು ರೈಲಿನ ವಡೆ, ಬಾಳೆಹಣ್ಣಿನ ಪೋಡಿಯಲ್ಲಿ ಸಿಗುವುದಿಲ್ಲ. ನಾನು ಬೆಳಿಗ್ಗೆ ಮೂರು ಮೊಟ್ಟೆ ಗಟ್ಟಿಯಾಗಿ ಬೇಯಿಸಿ, ಸಿಪ್ಪೆ ಸುಲಿಯದೆ ಡಬ್ಬಿಯಲ್ಲಿ ಒಯ್ಯುತ್ತೇನೆ. ಒಂದರಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ. ಅವತ್ತೇ ತಿಂದು ಮುಗಿಸಿ, ಮರುದಿನಕ್ಕೆ ಇಡಬೇಡಿ. ರಾತ್ರಿಗೆ ಪ್ರೋಟೀನ್ ಪುಡಿ ಸಾಕು. ಅಳತೆ ಮಾಡಿ ಸಣ್ಣ ಪೊಟ್ಟಣ ಕಟ್ಟಿಕೊಳ್ಳಿ, ಬೇಕಾದಾಗ ಕಲಸಿದರಾಯಿತು.

ಪರೋಟ ಮಾತ್ರ ಬೇಡವೇ ಬೇಡ. ಒಮ್ಮೆ ಮಡಗಾಂವ್ ಹತ್ತಿರ ಅವಸರದಲ್ಲಿ ಎರಡು ತುಂಡು ನುಂಗಿ, ಎದೆಯಲ್ಲಿ ಕಲ್ಲು ಕೂತ ಹಾಗೆ ಆಗಿ, ಒಂದು ಗಂಟೆ ಒದ್ದಾಡಿದ್ದೆ. ಅವತ್ತಿನಿಂದ ಉಪ್ಪಿನಕಾಯಿ ಬಡಿಸುವ ಪುಟ್ಟ ಚಮಚದಲ್ಲೇ ತಿನ್ನುತ್ತೇನೆ. ಪ್ರತಿ ತುತ್ತನ್ನೂ ಅಗಿದು ಹಿಟ್ಟು ಮಾಡಿ. ಸಾಕು ಅನ್ನಿಸಿದ ಕೂಡಲೇ ನಿಲ್ಲಿಸಿ, ಪಕ್ಕದವರು ಎಷ್ಟೇ ಒತ್ತಾಯ ಮಾಡಲಿ.

ತಿನ್ನುವಾಗ ನೀರು ಬೇಡ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ ಕುಡಿಯಿರಿ. ಸೋಡಾ ಬೇಡ. ವಿಟಮಿನ್ ಮಾತ್ರೆ ಕೈಚೀಲದಲ್ಲೇ ಇರಲಿ. ನೀರೂ ನಿಲ್ಲದೆ ವಾಂತಿ ಆಗುತ್ತಿದ್ದರೆ ಸುಮ್ನೆ ಕಾಯಬೇಡಿ, ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.