ಬಿ.ಬಿ. ಕಿಂಗ್ ಬಿಟ್ಟರೆ ಬ್ಲೂಸ್ ಗಿಟಾರ್‌ನಲ್ಲಿ ಇನ್ಯಾರನ್ನು ಕೇಳಬೇಕು?

ಬ್ಲೂಸ್‌ನಲ್ಲಿ, ಅಂದರೆ ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಆ ಸಂಗೀತದಲ್ಲಿ, ಬಿ.ಬಿ. ಕಿಂಗ್, ಕ್ಲಾಪ್ಟನ್ ಥರದ ದೊಡ್ಡ ಗಿಟಾರಿಸ್ಟ್‌ಗಳನ್ನೆಲ್ಲ ಕೇಳಿ ಆಗಿದೆ, ಅಷ್ಟೇನೂ ಹೆಸರು ಮಾಡದ ಒಬ್ಬರನ್ನು ಹೇಳಿ ಅಂದಿದ್ದೀರಿ. ನನ್ನ ಕೇಳಿದರೆ ಮ್ಯಾಜಿಕ್ ಸ್ಯಾಮ್, ಶಿಕಾಗೊದ ಹಾಡುಗಾರ, ಗಿಟಾರಿಸ್ಟ್. ಶುರು ಮಾಡಬೇಕಾದದ್ದು ‘ವೆಸ್ಟ್ ಸೈಡ್ ಸೋಲ್’ ಆಲ್ಬಮ್‌ನಿಂದ. 1967ರಲ್ಲಿ ಶಿಕಾಗೊದ ಡೆಲ್ಮಾರ್ಕ್ ಕಂಪನಿಗಾಗಿ ರೆಕಾರ್ಡ್ ಮಾಡಿದ್ದು.

ಮೊದಲ ಸಲ ಕೇಳಿದಾಗ ನನಗೆ ಏನೂ ಅನ್ನಿಸಲಿಲ್ಲ. ನಿಜ ಹೇಳ್ತೀನಿ. ಗಿಟಾರಿಸ್ಟ್ ಅಂದಮೇಲೆ ಉದ್ದದ ಸೋಲೊ (ಹಾಡು ನಿಲ್ಲಿಸಿ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗ) ಬರುತ್ತದೆ ಅಂತ ಕಾಯುತ್ತಾ ಕೂತಿದ್ದೆ. ಇನ್ನೊಂದು ದಿನ ಅಡುಗೆ ಮಾಡುತ್ತಾ ಸುಮ್ನೆ ಹಾಕಿಕೊಂಡಿದ್ದೆ, ಆಗ ಗೊತ್ತಾಯಿತು: ಅವರ ಕೈಚಳಕ ಇರುವುದು ಹಾಡಿನ ಸಾಲುಗಳ ನಡುವೆ. ಒಂದು ಸಾಲು ಹಾಡುತ್ತಾರೆ, ಅದು ಮುಗಿಯುವ ಮೊದಲೇ ಗಿಟಾರ್ ಉತ್ತರ ಕೊಡುತ್ತದೆ. ದನಿ ಎಲ್ಲಿ ನಿಂತಿತು, ತಂತಿ ಎಲ್ಲಿ ಶುರುವಾಯಿತು ಹೇಳೋಕಾಗಲ್ಲ. ತಂತಿ ಮೀಟುವ ಬಿಲ್ಲೆ, ಅಂದರೆ ಪಿಕ್, ಹಿಡಿಯದೆ ಬೆರಳಲ್ಲೇ ಮೀಟುತ್ತಿದ್ದರು, ಅದಕ್ಕೇ ಇರಬೇಕು ಆ ನಾದಕ್ಕೆ ಅಂಥ ಮೆತ್ತನೆ ಪೆಟ್ಟು.

ಇದಕ್ಕೊಂದು ಹಿನ್ನೆಲೆಯೂ ಇದೆ. ಶಿಕಾಗೊದ ವೆಸ್ಟ್ ಸೈಡ್‌ನ ಕ್ಲಬ್‌ಗಳು ಚಿಕ್ಕವು, ದೊಡ್ಡ ತಂಡಕ್ಕೆ ಕೊಡಲು ದುಡ್ಡಿರುತ್ತಿರಲಿಲ್ಲ. ಗಿಟಾರ್, ಬೇಸ್, ಡ್ರಮ್ಸ್, ಅಷ್ಟೇ ಎಷ್ಟೋ ಸಲ. ಸ್ಯಾಕ್ಸೊಫೋನ್, ಪಿಯಾನೊ ಮಾಡಬೇಕಾದ ಕೆಲಸವನ್ನೂ ಗಿಟಾರೇ ಮಾಡಬೇಕು. ಈ ಆಲ್ಬಮ್‌ನಲ್ಲಿ ಮೈಟಿ ಜೋ ಯಂಗ್ ಎರಡನೇ ಗಿಟಾರ್ ಹಿಡಿದು ಜೊತೆಗಿದ್ದಾರೆ, ಆದರೂ ಸ್ಯಾಮ್ ಆ ಅಭ್ಯಾಸ ಬಿಟ್ಟಿಲ್ಲ. ‘ಲುಕಿನ್ ಗುಡ್’ ಕೇಳಿ. ಮಾತೇ ಇಲ್ಲದ ಬೂಗಿ, ಅಂದರೆ ಓಡುವ ಲಯದ, ಕುಣಿಸುವ ಬ್ಲೂಸ್. ಕಾಲು ತಾನಾಗಿ ತಾಳ ಹಾಕುತ್ತದೆ. ಬ್ಲೂಸ್ ಅಂದರೆ ಅಳುಮುಂಜಿ ಸಂಗೀತ ಅನ್ನುವವರಿಗೆ ನಾನು ಮೊದಲು ಕೇಳಿಸುವುದು ಇದನ್ನೇ.

ಆಮೇಲೆ ಹಿಂದಕ್ಕೆ ಹೋಗಿ, 1957ರ ‘ಆಲ್ ಯುವರ್ ಲವ್’ ಹುಡುಕಿ. ಕೋಬ್ರಾ ಅನ್ನುವ ಸಣ್ಣ ಕಂಪನಿಯದು. ಆಗ ಅವರಿಗೆ ಬರೀ 20 ವರ್ಷ. ಟ್ರೆಮೊಲೊ (ಸದ್ದನ್ನು ಬೇಗಬೇಗ ಏರಿಳಿಸುವ ಪರಿಣಾಮ) ಹಾಕಿದ ಆ ಗಿಟಾರ್, ನೀರಲ್ಲಿ ದೀಪದ ನೆರಳು ನಡುಗಿದ ಹಾಗೆ ನಡುಗುತ್ತದೆ. ಒಂದು ತಕರಾರೂ ಇದೆ: ಅದೇ ಧಾಟಿಯನ್ನು ಆ ಕಾಲದ ಬೇರೆ ಹಾಡುಗಳಲ್ಲೂ ಜಾಸ್ತಿ ಉಜ್ಜಿದ್ದಾರೆ. ಒಟ್ಟಿಗೆ ಕೇಳಿದರೆ ಬೇಜಾರಾಗಬಹುದು.

ಇಷ್ಟು ಚೆನ್ನಾಗಿದ್ದೂ ಯಾಕೆ ಹೆಸರಾಗಲಿಲ್ಲ ಅಂದರೆ, ಸಮಯವೇ ಸಿಗಲಿಲ್ಲ. ‘ಬ್ಲ್ಯಾಕ್ ಮ್ಯಾಜಿಕ್’ ಸೇರಿ ಎರಡೇ ಸ್ಟುಡಿಯೊ ಆಲ್ಬಮ್. 1969ರ ಆಗಸ್ಟ್‌ನಲ್ಲಿ ಅಮೆರಿಕದ ಆನ್ ಆರ್ಬರ್ ಊರಿನ ಬ್ಲೂಸ್ ಉತ್ಸವದಲ್ಲಿ ಮೂವರೇ ನಿಂತು ನುಡಿಸಿದರು. ಡಿಸೆಂಬರ್ 1ಕ್ಕೆ ಹೃದಯಾಘಾತ. 32 ವರ್ಷ.

ಆ ಉತ್ಸವದ ರೆಕಾರ್ಡಿಂಗ್ ‘ಮ್ಯಾಜಿಕ್ ಸ್ಯಾಮ್ ಲೈವ್’ನಲ್ಲಿದೆ. ಸೌಂಡ್ ಒರಟು, ಹಾಗಾಗಿ ಕೊನೆಗೆ ಇಟ್ಟುಕೊಳ್ಳಿ. ಫೋನ್ ಸ್ಪೀಕರ್‌ನಲ್ಲಂತೂ ಕೇಳಬೇಡಿ ದಯವಿಟ್ಟು, ಬೇಸ್ ಪೂರ್ತಿ ಹೋಗಿಬಿಡುತ್ತದೆ.